ಭುಜ್ ಭೂಕಂಪದಲ್ಲಿ ಬಿದ್ದ ಪೇಟೆಗಳು ಆಮೇಲೆ ಏನಾದವು? ಶಿರಸಿ ಸಾಮಿಲ್ ಶೇಟ್ರ ಜೊತೆ ಹೋಗಿ ನೋಡಿದ್ದು

ಸಾಮಿಲ್_ರೈಟರ್ (ಶಿರಸಿ):
ಎಲ್ಲರಿಗೂ ನಮಸ್ಕಾರ. ಮೊನ್ನೆ ಜನವರಿ 26ಕ್ಕೆ ಮೊಮ್ಮಗಳ ಶಾಲೆಗೆ ಧ್ವಜಾರೋಹಣ ನೋಡೋಕೆ ಹೋಗಿದ್ದೆ. ಮಕ್ಕಳು ಸಾಲಾಗಿ ಪೇಟೆ ಓಣಿ ಒಳಗೆ ಪ್ರಭಾತಫೇರಿ ಹೊರಟಿದ್ದು ಕಂಡು ಹೊಟ್ಟೇಲಿ ಒಂಥರಾ ಆಯ್ತು. ಯಾಕೆ ಅಂತ ಪಕ್ಕದಲ್ಲಿದ್ದ ಮೇಷ್ಟ್ರಿಗೆ ಹೇಳೋಕೆ ಹೋದ್ರೆ ಅವರಿಗೆ ಗುಜರಾತಿನ ಕಚ್ಛ ಜಿಲ್ಲೆಯ ಭುಜ್ ಭೂಕಂಪ ಅಂದ್ರೇ ನೆನಪಿಲ್ಲ, ಆಗ ಅವರು ಮೂರು ವರ್ಷದ ಮಗು ಅಂತೆ. ಅದಕ್ಕೇ ಇಲ್ಲಿ ಬರೀತಿದ್ದೇನೆ, ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಒಬ್ಬ ಕಚ್ಛಿ ಪಟೇಲರ ಸಾಮಿಲ್ಲಲ್ಲಿ ಬಹಳ ವರ್ಷ ಲೆಕ್ಕ ಬರೆದವ. ಈ ಕಡೆಯವರಿಗೆ ಗೊತ್ತಿರ್ತದೆ, ಶಿರಸಿ ಇರಲಿ ಹುಬ್ಬಳ್ಳಿ ಇರಲಿ ನಾಟಾ ಕೊಯ್ಯೋ ಮಿಲ್ಲು, ಪ್ಲೈವುಡ್ ಅಂಗಡಿ ಅಂತ ಹೋದ್ರೆ ಗಲ್ಲೇಲಿ ಕೂತವರು ಕಚ್ಛದ ಪಟೇಲರೇ. ನಮ್ಮ ಶೇಟ್ರ ಮೂಲ ಊರು ನಖತ್ರಾಣಾ ಕಡೆ, ಅವರ ದೊಡ್ಡಣ್ಣನ ಮನೆ ಭುಜ್ ಕೋಟೆ ಒಳಗಿನ ಹಳೇ ಪೇಟೇಲಿ. 2001ರ ಜನವರಿ 26 ಶುಕ್ರವಾರ, ಬೆಳಿಗ್ಗೆ 8:46ಕ್ಕೆ ಅಲ್ಲಿ ಭೂಮಿ ಅಲುಗಾಡ್ತು. ನಾವು ಮಿಲ್ಲಿನ ಅಂಗಳದಲ್ಲಿ ಬಾವುಟ ಹಾರಿಸಿ ಲಾಡು ಹಂಚ್ತಾ ಇದ್ವಿ. ಮಧ್ಯಾಹ್ನದ ಹೊತ್ತಿಗೆ ಟಿವೀಲಿ ಬಂತು, ಶೇಟ್ರು ಸಂಜೆ ತನಕ ಫೋನ್ ಡಯಲ್ ಮಾಡಿದ್ದೇ ಮಾಡಿದ್ದು, ಆ ಕಡೆ ಗಂಟೇನೇ ಹೊಡೀಲಿಲ್ಲ.

ಫೆಬ್ರವರಿ ಎರಡನೇ ವಾರ ಅವರ ಜೊತೆ ನಾನೂ ಹೋದೆ. ಹುಬ್ಬಳ್ಳಿಯಿಂದ ಮುಂಬೈ, ಅಲ್ಲಿಂದ ಅಹಮದಾಬಾದ್, ಮುಂದೆ ಸಿಕ್ಕಿದ ಲಾರಿ. ಕಚ್ಛಕ್ಕೆ ಒಳಗೆ ಹೋಗೋ ಸೂರಜ್‌ಬಾರಿ ಸೇತುವೆಗೂ ಪೆಟ್ಟು ಬಿದ್ದಿತ್ತು, ಅದರ ಮೇಲೆ ಗಾಡಿ ಆಮೆ ಥರ ಹೋಗ್ತಿತ್ತು. ದಾರೀಲಿ ಮೊದಲು ಸಿಗೋದು ಭಚಾವು. ಅಲ್ಲಿ ಊರು ಅನ್ನೋದೇ ಇರಲಿಲ್ಲ, ಗುಡ್ಡದ ಬುಡಕ್ಕೆ ಯಾರೋ ಲೋಡುಗಟ್ಟಲೆ ಜಲ್ಲಿ ಸುರಿದ ಹಂಗೆ. ಭೂಕಂಪದ ಕೇಂದ್ರ ಅದೇ ತಾಲೂಕಿನ ಚೋಬಾರಿ ಹತ್ರ ಅಂತ ಆಮೇಲೆ ಗೊತ್ತಾಯ್ತು. ರಿಕ್ಟರ್ ಗಿಕ್ಟರ್ ಅಂತ ಆಗ ಪೇಪರಲ್ಲಿ ಏನೇನೋ ನಂಬರ್ ಬಂತು, ಈಗ 7.7 ಅಂತಾರೆ. ಸರ್ಕಾರಿ ಲೆಕ್ಕದಲ್ಲಿ ಸತ್ತವರು 13,800ಕ್ಕೂ ಹೆಚ್ಚು, ಗಾಯ ಆದವರು ಒಂದೂವರೆ ಲಕ್ಷಕ್ಕೂ ಮೇಲೆ.

ಅಂಜಾರ್ ಊರಿನ ಕತೆ ಹೇಳಿ ಮುಂದೆ ಹೋಗ್ತೇನೆ, ಯಾಕಂದ್ರೆ ಹೊಟ್ಟೇಲಿ ಒಂಥರಾ ಆಯ್ತು ಅಂದಿದ್ನಲ್ಲ, ಅದೇ ಅದು. ಗಣರಾಜ್ಯೋತ್ಸವದ ಮೆರವಣಿಗೆ ಅಂತ ಶಾಲೆ ಮಕ್ಕಳು ಹಳೇ ಪೇಟೆಯ ಕಿರಿದಾದ ಓಣಿ ಒಳಗೆ ಹೋಗ್ತಾ ಇದ್ರು, ಎರಡೂ ಕಡೆ ಕಟ್ಟಡ ಮೇಲೆ ಬಿತ್ತು. 185 ಮಕ್ಕಳು, ಜೊತೆಗಿದ್ದ 20 ಶಿಕ್ಷಕರು. ಅವತ್ತೇ ಬೇರೆ ಎಷ್ಟೋ ಊರಲ್ಲಿ ಮಕ್ಕಳೆಲ್ಲ ಬಯಲಲ್ಲಿ ಬಾವುಟದ ಕೆಳಗೆ ನಿಂತಿದ್ದಕ್ಕೆ ಉಳ್ಕೊಂಡ್ರು, ಹಿಂದೆ ಶಾಲೆ ಬಿದ್ರೂ. ಒಂದೇ ಹಬ್ಬ, ಒಂದೇ ಗಳಿಗೆ. ಬಯಲಲ್ಲಿ ನಿಂತವರು ಮನೆಗೆ ಬಂದ್ರು.

ನಾನು ಹೇಳಬೇಕು ಅಂದಿದ್ದು ಈ ಓಣಿ ವಿಷಯವೇ. ಭೂಮಿ ಅಲುಗಾಡಿದ್ದು ಎರಡು ನಿಮಿಷದ ಹತ್ತಿರ. ಪೇಟೆ ಮಾತ್ರ ಎಷ್ಟೋ ವರ್ಷ ಅಲುಗಾಡ್ತಾನೇ ಇತ್ತು. ಆ ಕತೆ ಯಾರೂ ಹೇಳಲ್ಲ. ಊಟ ಮಾಡಿ ಬಂದು ಮುಂದಿಂದು ಬರೀತೇನೆ.

ಕುಮಟಾ_ಕಿನಾರೆ:
ಅಲ್ಲ ಮಾರಾಯ್ರೆ ಬೆಳಿಗ್ಗೆ ಬೆಳಿಗ್ಗೆ ಎಂತಕ್ಕೆ ಹೆದರಿಸ್ತೀರಿ. ಗುಜರಾತ್ ಬೇರೆ ನಮ್ಮ ಊರು ಬೇರೆ. ನಮ್ಮ ಕೆಳಗೆ ಇರೋದು ಕೋಟ್ಯಂತರ ವರ್ಷದ ಗಟ್ಟಿ ಕಲ್ಲು, ಘಟ್ಟ ಬೆನ್ನಿಗಿದೆ, ಇಲ್ಲಿ ಭೂಕಂಪ ಗೀಕಂಪ ಬರೂದಿಲ್ಲ. ಇಲ್ಲಿ ಬರೂದು ಮಳೆ, ಗುಡ್ಡ ಕುಸಿತ, ಮತ್ತೆ ಮಂಗ.

ಕಾಳಿ_ತೀರದವ (ಕಾರವಾರ):
"ಗಟ್ಟಿ ಕಲ್ಲು ಬರೂದಿಲ್ಲ" ಅಂದವರಿಗೆ ಮೇಷ್ಟ್ರುಗಿರಿ ಮಾಡಬೇಕಾಯ್ತು, ಕ್ಷಮಿಸಿ, ರಿಟೈರ್ ಆದ್ರೂ ಚಾಳಿ ಬಿಡಲ್ಲ.

1967ರ ಡಿಸೆಂಬರ್ 11, ಬೆಳಗಿನ ಜಾವ 4:21. ಮಹಾರಾಷ್ಟ್ರದ ಕೊಯ್ನಾ. ಅದು ಇದೇ ಪಶ್ಚಿಮ ಘಟ್ಟ, ಇದೇ ಗಟ್ಟಿ ಕಲ್ಲು, ನಮ್ಮಿಂದ ಕಾಗೆ ಹಾರಿದ ಹಾಗೆ 300 ಕಿ.ಮೀ. ಒಳಗೆ. ನಾನಾಗ ಹುಡುಗ, ಕಾರವಾರ ಕೋಡಿಬಾಗದ ಮನೆ, ಆಯಿ ನನ್ನನ್ನ ಎಳ್ಕೊಂಡು ಅಂಗಳಕ್ಕೆ ಓಡಿದ್ದು ನೆನಪಿದೆ. ಮಾಡಿನ ಹಂಚು ಕಟಕಟ ಅಂತಿತ್ತು, ಬೆಕ್ಕು ಓಡ್ತಾ ಇದೆ ಅಂದ್ಕೊಂಡಿದ್ದೆ. ಕೊಯ್ನಾನಗರದಲ್ಲಿ ಬಹುಪಾಲು ಮನೆ ಬಿದ್ದವು ಇಲ್ಲ ಬಿರುಕು ಬಿಟ್ಟವು, 180ರ ಹತ್ತಿರ ಜನ ಹೋದ್ರು. ಅಣೆಕಟ್ಟು ತುಂಬಿಸಿ ಐದಾರು ವರ್ಷ ಆಗಿತ್ತಷ್ಟೆ, ನೀರು ನಿಲ್ಲಿಸಿದ ಮೇಲೆ ಸಣ್ಣ ಸಣ್ಣ ಕಂಪನ ಶುರುವಾಗಿ ಕೊನೆಗೆ ದೊಡ್ಡದು ಬಂತು. ಜಲಾಶಯದ ನೀರು ಭೂಕಂಪಕ್ಕೆ ಕಾರಣ ಆಗ್ತದೆ ಅನ್ನೋ ಮಾತಿಗೆ ಪ್ರಪಂಚದಲ್ಲೆಲ್ಲ ಮೊದಲು ತೋರಿಸೋ ಉದಾಹರಣೆ ಅದೇ. ಇವತ್ತಿಗೂ ಅಲ್ಲಿ ಸಣ್ಣದು ಬರ್ತಾನೇ ಇದೆ, ಅದನ್ನ ತಿಳ್ಕೊಳ್ಳೋಕೆ ಅಂತಲೇ 3 ಕಿ.ಮೀ. ಆಳಕ್ಕೆ ಕೊಳವೆ ಕೊರೆದಿದ್ದಾರೆ.

ಇನ್ನೊಂದು. 1945ರ ನವೆಂಬರ್ 28ಕ್ಕೆ ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿ ಹೊರಗೆ ಭೂಕಂಪ ಆಗಿ ಸಮುದ್ರ ಎದ್ದು ಬಂತು. ಪಸ್ನಿ ಊರು ಹಾಳಾಯ್ತು, ಮುಂಬೈನಲ್ಲೂ ಜನ ಸತ್ತರು, ಅದೇ ಅಲೆ ಕಾರವಾರಕ್ಕೂ ಬಂದಿತ್ತು. ಸುನಾಮಿ ಅನ್ನೋ ಶಬ್ದ ನಮಗೆ 2004ರಲ್ಲಿ ಗೊತ್ತಾಯ್ತು, ಅಲೆ ಮಾತ್ರ ಮೊದಲೇ ಬಂದು ಹೋಗಿತ್ತು.

ಜೋಯ್ಡಾ_ಹುಡುಗ:
ಕೊಯ್ನಾ ಡ್ಯಾಮ್ ಒಡೆದು ಹೋಗಿತ್ತು ಅಲ್ವಾ ಸರ್ ಆಗ? ಹಂಗಾದ್ರೆ ನಮ್ಮ ಸೂಪಾ ಡ್ಯಾಮಿನ ಕತೆ ಏನು. ಗಣೇಶಗುಡಿ ಹತ್ರಾನೇ ನಮ್ಮ ಅಕ್ಕನ ಮನೆ. ಕೆಳಗೆ ಕೊಡಸಳ್ಳಿ, ಕದ್ರಾ, ಪಕ್ಕದಲ್ಲಿ ಕೈಗಾ. ರಾತ್ರಿ ನಿದ್ದೆ ಬರಬಾರದು ಅಂತ ಮಾಡ್ಬಿಟ್ರಿ.

ಕಾಳಿ_ತೀರದವ (ಕಾರವಾರ):
ಒಡೀಲಿಲ್ಲ ತಮ್ಮಾ. 103 ಮೀಟರ್ ಎತ್ತರದ ಅಣೆಕಟ್ಟು, ಇಳಿಜಾರು ಬದಲಾಗೋ ಜಾಗದಲ್ಲಿ, ಮೇಲ್ಭಾಗದಲ್ಲಿ ಬಿರುಕು ಬಿಟ್ಟಿತ್ತು, ನೀರು ನಿಂತಿತ್ತು. ಆಮೇಲೆ ರಿಪೇರಿ ಮಾಡಿ ಹಿಂದೆ ಕಾಂಕ್ರೀಟಿನ ಆನಿಕೆ ಕೊಟ್ಟು ಗಟ್ಟಿ ಮಾಡಿದ್ರು. ನಮ್ಮ ಸೂಪಾ 101 ಮೀಟರ್, ಕೊಯ್ನಾ ಅನುಭವ ಆದ ಮೇಲೆ ಕಟ್ಟಿದ್ದು. ಅಕ್ಕನ ಮನೇಲಿ ಆರಾಮ ಮಲಗು. ಉತ್ತರ ಕನ್ನಡ ಭೂಕಂಪ ನಕ್ಷೇಲಿ ಮೂರನೇ ವಲಯ ಅಂತಿತ್ತು, ಕಚ್ಛ ಐದನೇದು, ಅಂದ್ರೆ ಅತಿ ಕೆಟ್ಟದ್ದು. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. "ಬರೂದೇ ಇಲ್ಲ" ಅನ್ನೋ ಮಾತಿಗಷ್ಟೇ ನನ್ನ ತಕರಾರು.

ಆಳಂದದಾಕಿ (ಈಗ ಅಂಕೋಲಾ):
ನಾ ಇಲ್ಲಿ ನೌಕರಿಗಿ ಬಂದು 12 ವರ್ಷ ಆತು, ಭಾಷಾ ನಿಮ್ದು ಪೂರಾ ಬಂದಿಲ್ಲ, ನಗಬ್ಯಾಡ್ರಿ. ಗಟ್ಟಿ ಕಲ್ಲಿನ ಮಾತು ಬಂತಲ್ಲ, ಕಿಲ್ಲಾರಿ ಮರ್ತೀರೇನು? 1993, ಸೆಪ್ಟೆಂಬರ್ 30, ಬೆಳಗಿನ್ಯಾಗ 4ಕ್ಕ ನಾಕು ನಿಮಿಷ ಕಮ್ಮಿ. ಹಿಂದಿನ ದಿನಾನೇ ಗಣಪತಿ ಕಳ್ಸಿ ಜನಾ ದಣದು ಬಂದು ಮಲಗಿದ್ರು. ಆಳಂದದಾಗ ನಮ್ಮ ಮನಿ ಗ್ವಾಡಿ ಒಂದು ಉಬ್ಬಿ ನಿಂತಿತು, ಅಪ್ಪ ಆಮ್ಯಾಲ ತೊಲಿ ಕೊಟ್ಟು ಎಷ್ಟೋ ದಿನ ನಿಲ್ಲಿಸಿದ್ರು. ಲಾತೂರ್, ಉಸ್ಮಾನಾಬಾದ್ ಕಡಿ ಹತ್ ಸಾವಿರದ ಹತ್ರ ಜನ ಹೋದ್ರು. ಆ ಭೂಕಂಪ ಬರೀ 6.2. ಆಗಿನ ನಕ್ಷಾದಾಗ ಆ ಊರು ಒಂದನೇ ವಲಯ, ಅಂದ್ರ ಎಲ್ಲಾಕಿಂತ ಸುರಕ್ಷಿತ ಅಂತ ಬರ್ದಿದ್ರು. ಆಮ್ಯಾಲ 2002ರಾಗ ಆ ಒಂದನೇ ವಲಯಾನೇ ತಗದುಬಿಟ್ರು.

ಮಂದೀನ ಕೊಂದಿದ್ದು ಮನಿ. ದಪ್ಪಂದ್ರ ದಪ್ಪ ಕಲ್ಲಿನ ಗ್ವಾಡಿ, ನಡಕ ಮಣ್ಣು, ಮ್ಯಾಲ ಕಟಗಿ ಹಾಕಿ ಎರಡು ಫೂಟಿನ ತನಕ ಮಣ್ಣಿನ ಮಾಳಗಿ. ಬ್ಯಾಸಗಿಗಿ ತಂಪು ಅಂತ ವರ್ಷಾ ವರ್ಷಾ ಮ್ಯಾಲ ಮಣ್ಣು ಏರಿಸ್ತಿದ್ರು. ಆ ಭಾರ ನಿದ್ದಿಗಣ್ಣಾಗ ಇದ್ದವರ ಮ್ಯಾಲ ಬಿತ್ತು.

ಸಾಮಿಲ್_ರೈಟರ್ (ಶಿರಸಿ):
ಆಳಂದದ ತಂಗಿ ಹೇಳಿದ್ದು ಸರಿ. 6.2 ಎಲ್ಲಿ 7.7 ಎಲ್ಲಿ, ಶಕ್ತಿ ಲೆಕ್ಕದಲ್ಲಿ ನೂರಾರು ಪಟ್ಟು ವ್ಯತ್ಯಾಸ, ಆದ್ರೂ ಸಾವು ಅಷ್ಟೊಂದು ದೂರ ಇಲ್ಲ. ಒಂದು ರಾತ್ರಿ ಮಲಗಿದ್ದಾಗ, ಇನ್ನೊಂದು ರಜೆ ದಿನ ಬೆಳಿಗ್ಗೆ.

ಮುಂದಿನ ಕತೆ. ಭುಜ್ ಹಳೇ ಪೇಟೆ ಅಂದ್ರೆ ಕೋಟೆ ಗೋಡೆ ಒಳಗಿನ ಊರು. ಓಣಿಗೆ ಅವರು "ಶೇರಿ" ಅಂತಾರೆ, ಮನೆ ಮುಂದಿನ ಕಟ್ಟೆಗೆ "ಓಟಲೋ", ನಮ್ಮ ಜಗಲಿ ಥರಾನೇ, ಸಂಜೆ ಹೆಂಗಸರೆಲ್ಲ ಅಲ್ಲೇ. ಶೇಟ್ರ ಅಣ್ಣನ ಮನೆ ಓಣಿ ಎಷ್ಟು ಅಗಲ ಅಂದ್ರೆ ನಾನು ಎರಡೂ ಕೈ ಚಾಚಿದ್ರೆ ಎರಡೂ ಬದಿ ಗೋಡೆ ಮುಟ್ಟಬಹುದಿತ್ತು ಅಂತ ಅವರೇ ಹೇಳ್ತಿದ್ರು. ಇಂಥ ಓಣೀಲಿ ಎರಡೂ ಕಡೆ ಮೂರು ಅಂತಸ್ತು ಬಿದ್ರೆ ಓಡೋಕೆ ಜಾಗ ಇಲ್ಲ, ತೆಗೆಯೋಕೆ ಜೆಸಿಬಿ ಒಳಗೆ ಬರಲ್ಲ. ಅಣ್ಣ ಅತ್ತಿಗೆ ಅವತ್ತು ಮಾಂಡವಿಗೆ ಮದುವೆಗೆ ಹೋಗಿದ್ರು, ಉಳ್ಕೊಂಡ್ರು. ಮನೆ ಕೆಳಗಿನ ಕೋಣೆ ಬಾಡಿಗೆಗೆ ಇದ್ದ ಟೇಲರ್, ಅವನ ಹೆಂಡ್ತಿ ಉಳ್ಕೊಂಡ್ರು, ಅವನ ತಾಯಿ ಹೋದ್ರು.

ನಾವು ಹೋದಾಗ ಎಲ್ಲಾ ಟೆಂಟು. ಕಚ್ಛದ ಚಳಿ ಅಂದ್ರೆ ನಮ್ಮ ಮಲೆನಾಡಿನ ಚಳಿ ಏನೂ ಅಲ್ಲ. ಜನ ಅಲ್ಲೇ ಎರಡು ಗುಂಪು. ಒಬ್ಬರು ಈ ಹಾಳು ಪೇಟೆ ಬಿಟ್ಟು ಬೇರೆ ಕಡೆ ಹೊಸ ಊರು ಕಟ್ಟಿ ಅಂತ, ಇನ್ನೊಬ್ಬರು ನಾನು ನನ್ನ ಶೇರಿ ಬಿಟ್ಟು ಬರಲ್ಲ ಅಂತ. ಕೊನೆಗೆ ಎರಡೂ ಆಯ್ತು. ಕೋಟೆ ಒಳಗೇ ಪುನಃ ಕಟ್ಟೋದು ಅಂತ ತೀರ್ಮಾನ, ಜೊತೆಗೆ ಹೊರಗೆ ಹೊಸ ಬಡಾವಣೆಗಳು. ಮುಂದ್ರಾ ರಸ್ತೆ ಕಡೆ ಒಂದು, ರಾವಲ್‌ವಾಡಿ ಒಂದು, ಆರ್‌ಟಿಓ ಹತ್ರ ಒಂದು. ಅದಕ್ಕೆ ಇವತ್ತಿಗೂ "ಆರ್‌ಟಿಓ ರೀಲೊಕೇಶನ್ ಸೈಟ್" ಅಂತಲೇ ಅಡ್ರೆಸ್. ಊರಿನ ಹೆಸರೇ ಸ್ಥಳಾಂತರ, ಅದರಲ್ಲಿ ಹುಟ್ಟಿದ ಮಕ್ಕಳು ಈಗ ಕಾಲೇಜು ಮುಗಿಸಿರ್ತಾರೆ.

ಭುಜ್, ಅಂಜಾರ್, ಭಚಾವು, ರಾಪರ್ ನಾಲ್ಕೂ ಊರಿಗೆ ಬೇರೆ ಬೇರೆ ಪ್ರಾಧಿಕಾರ ಮಾಡಿದ್ರು. ಭುಜ್ ಒಳಗೆ ನಕ್ಷೆ ಮುಗಿಯೋ ತನಕ ಯಾರೂ ಕಟ್ಟೋ ಹಾಗಿಲ್ಲ. ಅದೇ ದೊಡ್ಡ ಗಲಾಟೆ. ಹಳ್ಳೀಲಿ ಜನ ಕಂತಿನ ದುಡ್ಡು ತಗೊಂಡು ತಮ್ಮ ಮನೆ ತಾವೇ ಕಟ್ಕೊಂಡು ಗೃಹಪ್ರವೇಶ ಮಾಡ್ತಾ ಇದ್ರೆ ಪೇಟೆಯವರು ಇನ್ನೂ ತಗಡಿನ ಶೆಡ್ಡಲ್ಲಿ ಕೂತು ನಕ್ಷೆ ಕಾಯ್ತಾ ಇದ್ರು. ರಸ್ತೆ ಅಗಲ ಮಾಡೋಕೆ ಎಲ್ಲರ ಜಾಗದಲ್ಲೂ ಒಂದೊಂದು ಪಾಲು ಕತ್ತರಿಸಿದ್ರು. ಪುಟ್ಟ ಜಾಗ ಇದ್ದವರಿಗೆ ಮಾಫಿ, ಜಾಗ ದೊಡ್ಡದಾದ ಹಾಗೆ ಕತ್ತರಿನೂ ದೊಡ್ಡದು, ನೂರಕ್ಕೆ 35ರ ತನಕ. ಉಳಿದಿದ್ದನ್ನ ಹೊಸ ನಕ್ಷೇಲಿ ಚೌಕ ಮಾಡಿ, ಆದಷ್ಟು ಹಳೇ ಜಾಗದ ಹತ್ರಾನೇ ಕೊಟ್ರು. ನಾನು ಲೆಕ್ಕದವ, ನನಗೆ ಇದು ನ್ಯಾಯ ಅಂತಲೇ ಕಂಡಿತ್ತು. ಶೇಟ್ರ ಅಣ್ಣ ಮಾತ್ರ ಒಂದೇ ಮಾತು: "ನನ್ನ ದೇವರ ಕೋಣೆ ರಸ್ತೆಗೆ ಹೋಗಿದೆ, ನಿನ್ನ ಲೆಕ್ಕದಲ್ಲಿ ಅದು ಎಷ್ಟು ಪರ್ಸೆಂಟು?"

ಹೊಸಕಾಲನಿ_ಅಕ್ಕ (ಕಾರವಾರ ತಾಲೂಕು):
ರೈಟರ್ ಅಣ್ಣಾ, ಆ ಟೇಲರ್‌ಗೆ ಎಷ್ಟು ಸಿಕ್ತು?

ನಾನು ಯಾಕೆ ಕೇಳ್ತೇನೆ ಅಂದ್ರೆ ನಮ್ಮ ಊರೂ ಹೋಯ್ತು, ಭೂಕಂಪದಲ್ಲಲ್ಲ, ಒಂದು ದೊಡ್ಡ ಪ್ರಾಜೆಕ್ಟಿಗೆ, ಹೆಸರು ಬೇಡ. ಮಾಲ್ಕಿ ಜಾಗ ಇದ್ದವರಿಗೆ ಸೈಟು, ದುಡ್ಡು, ಕೋರ್ಟು, ಮತ್ತೆ ದುಡ್ಡು. ನಮ್ಮ ಅಪ್ಪ ಇನ್ನೊಬ್ಬರ ತೋಟದಲ್ಲಿ ಗುಡಿಸಲು ಹಾಕ್ಕೊಂಡಿದ್ದವರು, ಪಹಣೀಲಿ ಹೆಸರಿಲ್ಲ. ಅಳತೆಗೆ ಬಂದವ ನಮ್ಮ ಮನೆ ಮುಂದೆ ನಿಂತು ನೀರು ಕುಡಿದು ಹೋದ, ಬರ್ಕೊಂಡಿಲ್ಲ. ಹೊಸ ಕಾಲನೀಲಿ ಈಗ ಇರೋದು ಮದುವೆ ಆದ ಮೇಲೆ ಗಂಡನ ಮನೆ ಲೆಕ್ಕದಲ್ಲಿ. ರಸ್ತೆ ನೆಟ್ಟಗಿದೆ, ಗಟಾರ ಇದೆ, ಎಲ್ಲಾ ಇದೆ. ಮೀನು ಮಾರೋಕೆ ಬರೋ ಬಾಯಿ ಮಾತ್ರ ನಮ್ಮ ಹಳೇ ಓಣಿಗೆ ಬರ್ತಿದ್ದ ಹೊತ್ತಿಗೆ ಬರಲ್ಲ, ಯಾಕಂದ್ರೆ ಒಂದು ಮನೆಯಿಂದ ಇನ್ನೊಂದಕ್ಕೆ ಅಷ್ಟು ದೂರ ಬುಟ್ಟಿ ಹೊತ್ತು ನಡೆಯೋದು ಅವಳಿಗೆ ಆಗೋದಿಲ್ಲ.

ಸಾಮಿಲ್_ರೈಟರ್ (ಶಿರಸಿ):
ಅಕ್ಕಾ, ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಆ ಟೇಲರ್‌ಗೆ ಜಾಗದ ಲೆಕ್ಕದಲ್ಲಿ ಸಿಕ್ಕಿದ್ದು ಸೊನ್ನೆ. ಅವ ಅಪ್ಪನ ಕಾಲದಿಂದ ಅದೇ ಕೋಣೇಲಿ ಹಳೇ ಬಾಡಿಗೆಗೆ ಇದ್ದವ, ತಿಂಗಳಿಗೆ ಚಾ ಖರ್ಚಿಗೂ ಸಾಲದಷ್ಟು ಬಾಡಿಗೆ. ಮನೆ ಇರೋ ತನಕ ಅವನನ್ನ ಯಾರೂ ಬಿಡಿಸೋ ಹಾಗಿರಲಿಲ್ಲ. ಮನೆ ಬಿದ್ದ ದಿನ ಹಕ್ಕೂ ಬಿತ್ತು. ಮಣ್ಣು ಮಾಲೀಕನದ್ದು, ಇವನದ್ದು ಅಂತ ಇದ್ದಿದ್ದು ಗೋಡೆ ಒಳಗಿನ ಗಾಳಿ ಮಾತ್ರ. ಭುಜ್ ಹಳೇ ಪೇಟೇಲಿ ಇಂಥ ಬಾಡಿಗೆದಾರರು ಲೆಕ್ಕವಿಲ್ಲದಷ್ಟು ಇದ್ರು. ಅವರ ವಿಚಾರ ಎಲ್ಲರಿಗಿಂತ ಕೊನೆಗೆ ಬಂತು, ಬರೋ ಹೊತ್ತಿಗೆ ಎಷ್ಟೋ ಜನ ಊರಿನ ಅಂಚಿಗೆ ಸರಿದಾಗಿತ್ತು.

ಶಿರಸಿ ಪೇಟೇಲಿ ರಸ್ತೆ ಅಗಲ ಮಾಡೋ ಮಾತು ಬಂದಾಗೆಲ್ಲ ನಾನು ಅಂಗಡಿ ಮಾಲೀಕರ ಮುಖ ನೋಡಲ್ಲ, ಒಳಗೆ ಮಷಿನ್ ಇಟ್ಕೊಂಡು ಕೂತ ಬಾಡಿಗೆಯವನ ಮುಖ ನೋಡ್ತೇನೆ.

ಕುಮಟಾ_ಕಿನಾರೆ:
ಇದು ಬೇಜಾರಿನ ವಿಷಯ ಒಪ್ಪಿದೆ. ಆದ್ರೆ ಒಂದು ಹೇಳಿ, ಈಗಿನ ಭುಜ್ ನೋಡಿದ್ರೆ ಹಳೇದಕ್ಕಿಂತ ಎಷ್ಟೋ ಚೆನ್ನಾಗಿದೆ ಅಲ್ವಾ? ನಮ್ಮ ಭಾವ ರಣ್ ಉತ್ಸವಕ್ಕೆ ಹೋಗಿ ಬಂದ, ರಿಂಗ್ ರೋಡು, ಏರ್‌ಪೋರ್ಟು, ಭುಜಿಯಾ ಗುಡ್ಡದ ಮೇಲೆ ಸ್ಮೃತಿವನ ಅಂತ ದೊಡ್ಡ ಸ್ಮಾರಕ, ಫೋಟೋ ತಂದು ತೋರ್ಸಿದ್ದೇ ತೋರ್ಸಿದ್ದು. ಕಾರ್ಖಾನೆ ಎಲ್ಲ ಅಲ್ಲಿಗೇ ಹೋಗಿವೆ. ಭೂಕಂಪ ಆಗದೇ ಇದ್ರೆ ಇಷ್ಟೆಲ್ಲಾ ಆಗ್ತಿತ್ತಾ?

ಕಾಳಿ_ತೀರದವ (ಕಾರವಾರ):
ಕಾರ್ಖಾನೆ ಹೋಗಿದ್ದು ಸುಮ್ಮನೆ ಅಲ್ಲ. ಭೂಕಂಪ ಆದ ವರ್ಷವೇ ಕಚ್ಛದಲ್ಲಿ ಹೊಸದಾಗಿ ಬಂದು ಕಾರ್ಖಾನೆ ಹಾಕಿದವರಿಗೆ ಎಕ್ಸೈಸ್ ಅಂದ್ರೆ ಉತ್ಪಾದನಾ ಸುಂಕದ ವಿನಾಯ್ತಿ ಕೊಟ್ರು. ಅದರಿಂದ ದುಡ್ಡು ಬಂತು, ಕೆಲಸ ಬಂತು, ಹೊರಗಿನ ಜನವೂ ಬಂದ್ರು. ಒಳ್ಳೇದೇ. ಅದಕ್ಕಾಗಿ ಭೂಕಂಪ ಒಳ್ಳೇದಾಯ್ತು ಅನ್ನೋದು ಮಾತ್ರ ಮನೆ ಸುಟ್ಟವನಿಗೆ ಚಳಿ ಬಿಡ್ತಲ್ಲ ಅಂದ ಹಾಗೆ.

ಕಚ್ಛಕ್ಕೆ ಇದೇನು ಮೊದಲಲ್ಲ. 1819ರ ಜೂನ್ 16ಕ್ಕೆ ಇನ್ನೂ ದೊಡ್ಡ ಕತೆ ಆಗಿದೆ. ರಣ್ ಅನ್ನೋ ಉಪ್ಪಿನ ಬಯಲೊಳಗೆ ನೆಲ ಎದ್ದು 80 ಕಿ.ಮೀ.ಗೂ ಉದ್ದದ ಒಂದು ದಿಬ್ಬವೇ ಹುಟ್ಟಿತು, ಮನುಷ್ಯ ಕಟ್ಟಿದ್ದಲ್ಲ ಅಂತ ಜನ ಅದಕ್ಕೆ ಅಲ್ಲಾ ಬಂಡ್ ಅಂದ್ರು. ಪಕ್ಕದ ನೆಲ ಕುಸಿದು ಸಿಂದ್ರಿ ಅನ್ನೋ ಕೋಟೆ ನೀರೊಳಗೆ ಹೋಯ್ತು, ಭುಜ್ ಆಗಲೂ ಬಿದ್ದಿತ್ತು. 1956ರ ಜುಲೈನಲ್ಲಿ ಅಂಜಾರ್‌ನಲ್ಲಿ ಮತ್ತೆ, ನೂರಕ್ಕೂ ಹೆಚ್ಚು ಜನ. ಆಮೇಲೆ 45 ವರ್ಷಕ್ಕೆ ಅದೇ ಅಂಜಾರ್ ಹಳೇ ಓಣೀಲಿ ಆ ಮಕ್ಕಳು. 1956ರಲ್ಲಿ ಬಿದ್ದ ಊರನ್ನ ಮತ್ತೆ ಹಂಗೇ ಇಟ್ಕೊಂಡಿದ್ದಕ್ಕೆ ಕಟ್ಟಿದ ಬೆಲೆ ಅದು ಅಂತ ನನ್ನ ಅಭಿಪ್ರಾಯ. ಓಣಿ ಚಂದ ಅನ್ನೋರು ಇದನ್ನೂ ನೆನಪಿಡಬೇಕು. ಹೊಸಕಾಲನಿ ಅಕ್ಕ ಸಿಟ್ಟಾಗಬೇಡಿ.

ಹೊಸಕಾಲನಿ_ಅಕ್ಕ (ಕಾರವಾರ ತಾಲೂಕು):
ಸಿಟ್ಟಿಲ್ಲ ಸರ್. ಓಣಿ ಅಗಲ ಮಾಡಬೇಡಿ ಅಂತ ನಾನೂ ಹೇಳಿಲ್ಲ. ಟೇಪ್ ಹಿಡ್ಕೊಂಡು ಬರೋರು ಬಾಡಿಗೆ ಮನೆ ಬಾಗಿಲೂ ತಟ್ಟಲಿ ಅಂದೆ ಅಷ್ಟೆ.

ಜೋಯ್ಡಾ_ಹುಡುಗ:
ನಮ್ಮ ತಾಲೂಕಿನ ಹೆಸರೇ ಮೊದಲು ಸೂಪಾ. ಸೂಪಾ ಪೇಟೆ ಡ್ಯಾಮಿನ ನೀರಿನ ಕೆಳಗೆ, ತಾಲೂಕು ಆಫೀಸು ಜೋಯ್ಡಾಕ್ಕೆ ಬಂತು. ಅಜ್ಜಿ ಇವತ್ತಿಗೂ "ಸೂಪಾ ಸಂತೆಗೆ ಹೋಗಿ ಬರ್ತೇನೆ" ಅಂತ ನಿದ್ದೇಲಿ ಮಾತಾಡ್ತಾಳೆ. ಟಾಪಿಕ್ ಬಿಟ್ಟು ಹೋಯ್ತು ಸಾರಿ.

ಸಿದ್ದಾಪುರದ_ಮಾಣಿ (ಬೆಂಗಳೂರು):
ಎಲ್ಲಾ ಓದಿದೆ. ನಂದೊಂದು ಸ್ವಾರ್ಥದ ಪ್ರಶ್ನೆ. ಊರಲ್ಲಿ ನಮ್ಮದು ಅಜ್ಜನ ಕಾಲದ ಮನೆ, ಮಣ್ಣಲ್ಲಿ ಕಟ್ಟಿದ ಚಿರೆಕಲ್ಲಿನ ದಪ್ಪ ಗೋಡೆ, ಒಳಗೆ ಮರದ ಕಂಬ, ಮೇಲೆ ಮೆತ್ತು, ಹಂಚು. ಮಂಗನ ಕಾಟಕ್ಕೆ ಹಂಚು ಒಂದೂ ಉಳಿಯಲ್ಲ ಹೇಳಿ ಅಪ್ಪಯ್ಯ ಹಂಚು ತೆಗೆಸಿ ಅದೇ ಗೋಡೆ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕ್ಸೋ ಪ್ಲಾನಲ್ಲಿದ್ದಾರೆ. ಅಡಿಕೆ ಒಣಗಿಸೋಕೂ ಆಗ್ತು ಹೇಳಿ. ಕಿಲ್ಲಾರಿ ಕತೆ ಓದಿದ ಮೇಲೆ ನಂಗೆ ತಲೆಬಿಸಿ. ಹಾಕಬಹುದಾ?

ಚಿರೆಕಲ್ಲು_ಮೇಸ್ತ್ರಿ (ಹೊನ್ನಾವರ):
ಹಾಕ್ಬೇಡಿ. ಮೊದಲು ಅದನ್ನ ಹೇಳಿ ಆಮೇಲೆ ಕಾರಣ.

ನಿಮ್ಮ ಅಜ್ಜನ ಮನೇಲಿ ಮಾಡಿನ ಭಾರ ಬಹುಪಾಲು ಹೊರೋದು ಮರದ ಕಂಬ, ತೊಲೆ. ಗೋಡೆ ಸುಮ್ಮನೆ ಮರೆಗೆ. ಮರಕ್ಕೆ ಮರ ಕೂಡಿಸಿದ್ದು, ಅಲುಗಾಡಿದ್ರೆ ಸ್ವಲ್ಪ ಬಾಗ್ತದೆ ಮತ್ತೆ ನಿಲ್ತದೆ. ನಾಲ್ಕು ಹಂಚು ಜಾರಿ ತಲೆ ಮೇಲೆ ಬಿದ್ರೂ ಬೀಳಬಹುದು, ಮನೆ ಹಂಗೆಲ್ಲ ಮಲಗೋದಿಲ್ಲ. ಆ ಮರ ತೆಗೆದು ಬರೀ ಮಣ್ಣು ಗಾರೆಯ ಗೋಡೆ ಮೇಲೆ ಟನ್‌ಗಟ್ಟಲೆ ಸ್ಲ್ಯಾಬ್ ಇಟ್ರೆ ಅದೇ ಕಿಲ್ಲಾರಿ ಮಾಳಿಗೆ ಆಯ್ತಲ್ಲ, ಮಣ್ಣಿನ ಬದಲು ಕಾಂಕ್ರೀಟು. ಭಾರ ಹೆಚ್ಚಾದಷ್ಟೂ ಅಲುಗಾಟದ ಹೊಡೆತ ಹೆಚ್ಚು, ಮತ್ತೆ ಚಿರೆಕಲ್ಲು ಮಳೇಲಿ ನೆನೆದ್ರೆ ಅರ್ಧ ಬಲಾನೂ ಇರೋದಿಲ್ಲ ಅದು ನನ್ನ ಕೈ ಅನುಭವ.

ಕಚ್ಛದಲ್ಲೂ ಒಂದು ಮನೆ ಉಳೀತಂತೆ ಹೌದಾ ರೈಟರ್ರೆ, ದುಂಡಗಿಂದು?

ಸಾಮಿಲ್_ರೈಟರ್ (ಶಿರಸಿ):
ಹೌದು, ಭುಂಗಾ ಅಂತಾರೆ. ಕಚ್ಛದ ಬನ್ನಿ ಅನ್ನೋ ಹುಲ್ಲುಗಾವಲು ಕಡೆ ದನಗಾರರ ಮನೆ. ಪೂರ್ತಿ ದುಂಡಗೆ, ಮಣ್ಣಿನ ಗೋಡೆ, ಸಣ್ಣ ಸಣ್ಣ ಕಿಟಕಿ, ಮೇಲೆ ಹುಲ್ಲಿನ ಟೊಪ್ಪಿ. ದೊಡ್ಡ ದೊಡ್ಡ ಸಿಮೆಂಟ್ ಮನೆ ನೆಲಕ್ಕೆ ಕೂತಿರಬೇಕಾದ್ರೆ ಅವು ಎಷ್ಟೋ ಹಾಗೇ ನಿಂತಿದ್ವು. ದುಂಡಗಿದ್ದಕ್ಕೆ ಮೂಲೆ ಒಡೆಯೋ ಪ್ರಶ್ನೆ ಇಲ್ಲ, ಮೇಲೆ ಭಾರ ಇಲ್ಲ. ಹಂಗಂತ ಎಲ್ಲಾ ಮಣ್ಣಿನ ಮನೆ ಒಳ್ಳೇದು ಅಂತ ಹೊರಟುಬಿಡಬೇಡಿ, ಮಣ್ಣು ಗಾರೆಯ ಕಲ್ಲು ಗೋಡೆಗಳೇ ಅಲ್ಲಿ ಹೆಚ್ಚು ಜನರನ್ನ ತಿಂದಿದ್ದು.

ವಾಪಸ್ ಬರೋವಾಗ ಅಹಮದಾಬಾದಲ್ಲಿ ಇನ್ನೊಂದು ನೋಡಿದೆ. ಕೇಂದ್ರದಿಂದ 200 ಕಿ.ಮೀ.ಗೂ ದೂರದ ಊರು, ಅಲ್ಲಿ ಹೊಸ ಅಪಾರ್ಟ್‌ಮೆಂಟುಗಳು ಬಿದ್ದಿದ್ವು. ಅಕ್ಕಪಕ್ಕದ ಹಳೇ ಮನೆ ನಿಂತಿದೆ, ನಡುವಿನ ಹೊಸದು ಕೂತಿದೆ. ಕೆಳಗೆ ಕಾರು ನಿಲ್ಲಿಸೋಕೆ ಅಂತ ಬರೀ ಕಂಬ, ಗೋಡೆ ಇಲ್ಲ, ಮೇಲೆ ನಾಲ್ಕು ಅಂತಸ್ತು. ಕಂಬ ಮುರಿದು ಒಂದನೇ ಮಹಡಿ ಸೀದಾ ಕಾರಿನ ಮೇಲೆ.

ಕುಮಟಾ_ಕಿನಾರೆ:
ಅಯ್ಯೋ ನಮ್ಮ ಮಗಳು ಕಾರವಾರದಲ್ಲಿ ತಗೊಂಡ ಫ್ಲ್ಯಾಟ್ ಅದೇ ಥರ. ಕೆಳಗೆ ಪೂರಾ ಪಾರ್ಕಿಂಗು. ನಾನು ಗಟ್ಟಿ ಕಲ್ಲು ಅಂದಿದ್ದು ವಾಪಸ್ ತಗೊಂಡೆ.

ಚಿರೆಕಲ್ಲು_ಮೇಸ್ತ್ರಿ (ಹೊನ್ನಾವರ):
ಎಲ್ಲಾ ಪಾರ್ಕಿಂಗ್ ಬಿಲ್ಡಿಂಗೂ ಕೆಟ್ಟದಲ್ಲ, ಅದಕ್ಕೆ ತಕ್ಕ ಡಿಸೈನ್ ಮಾಡಿ ಕಂಬ ದಪ್ಪ ಮಾಡಿ ನಡುವೆ ಕಾಂಕ್ರೀಟ್ ಗೋಡೆ ಕೊಟ್ಟಿದ್ರೆ ಆರಾಮ. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ ತಗೊಳ್ಳಿ, ಕೊಡದೇ ಇದ್ರೆ ಅದೇ ಉತ್ತರ.

ಮಾಣಿ, ನಿಮ್ಮ ಮನೆಗೆ ನನ್ನ ಸಲಹೆ. ಮಂಗ ಬರ್ತದೆ ಅಂತಾದ್ರೆ ಹಂಚಿನ ಬದಲು ಜಿಐ ಪೈಪಿಗೆ ಶೀಟ್ ಹಾಕ್ಸಿ, ಚಂದ ಕಾಣಲ್ಲ ಆದ್ರೆ ಹಗುರ. ಸ್ಲ್ಯಾಬೇ ಬೇಕು ಅಂದ್ರೆ ಪಕ್ಕದಲ್ಲಿ ಬೇರೆ ಪಾಯ ಹಾಕಿ ಬೇರೆ ಮನೆ ಕಟ್ಟಿ. ಕಟ್ಟೋವಾಗ ಪಾಯದ ಮೇಲೊಂದು ಬೆಲ್ಟು, ಬಾಗಿಲ ಮೇಲೊಂದು ಲಿಂಟಲ್ ಬೆಲ್ಟು. ನಮ್ಮಲ್ಲಿ ಮಾಡೋ ತಪ್ಪು ಏನು ಅಂದ್ರೆ ಬಾಗಿಲು ಕಿಟಕಿ ಮೇಲೆ ಮಾತ್ರ ತುಂಡು ತುಂಡು ಲಿಂಟಲ್ ಹಾಕಿ ಬಿಡ್ತಾರೆ. ಹಂಗಲ್ಲ, ಇಡೀ ಮನೆ ಸುತ್ತ ಸೊಂಟದ ಪಟ್ಟಿ ಹಂಗೆ ಒಂದೇ ಸಮ ಹೋಗಬೇಕು, ಒಳಗಿನ ಗೋಡೆ ಮೇಲೂ. 75 ಎಂಎಂ ದಪ್ಪ, ಎರಡು ರಾಡ್, ಅದಕ್ಕೆ 6 ಎಂಎಂ ಲಿಂಕು 150 ಎಂಎಂಗೆ ಒಂದು. ಮೂಲೇಲಿ ರಾಡ್ ಕತ್ತರಿಸಬೇಡಿ, ಬಗ್ಗಿಸಿ ಮುಂದಿನ ಗೋಡೆಗೆ ಒಯ್ಯಬೇಕು, ಬಾರ್ ಬೆಂಡರ್ ಸೋಮಾರಿ ಆದ್ರೆ ಅಲ್ಲೇ ಕೆಡಿಸೋದು. ರಾಡ್ ದಪ್ಪ ಎಷ್ಟು ಅನ್ನೋದು ಗೋಡೆ ಉದ್ದದ ಮೇಲೆ, ಅದನ್ನ ಇಂಜಿನಿಯರ್ ಹತ್ರ ಬರೆಸ್ಕೊಳ್ಳಿ. ಖರ್ಚು ನಿಮ್ಮ ಟೈಲ್ಸ್ ಖರ್ಚಿನ ಮುಂದೆ ಏನೂ ಅಲ್ಲ.

ಆಳಂದದಾಕಿ (ಈಗ ಅಂಕೋಲಾ):
ಖರೇ ಮಾತು ಮೇಸ್ತ್ರೀ. ಕಿಲ್ಲಾರಿ ಆದ ಮ್ಯಾಲ ಆ ಕಡಿ ಹೊಸಾ ಊರು ಕಟ್ಟಿಕೊಟ್ರು, ಬೆಲ್ಟು ಗಿಲ್ಟು ಎಲ್ಲಾ ಹಾಕಿ. ಜನ ಏನ್ ಮಾಡಿದ್ರು, ದನಾ ಕಟ್ಟಲಾಕ ಜಾಗಾ ಇಲ್ಲ, ಒಕ್ಕಲುತನದ ಸಾಮಾನು ಇಡಲಾಕ ಜಾಗಾ ಇಲ್ಲ ಅಂತ ಮನಿ ಮಗ್ಗಲಿಗಿ ಹಳೇ ಕಲ್ಲು ತಂದು ತಾವೇ ಏನೇನೋ ಕಟ್ಕೊಂಡ್ರು. ನಮ್ಮ ಸ್ವಾದರಮಾವನ ಮನಿ ಅಲ್ಲೇ ಐತಿ. ರಸ್ತಾ ಎಷ್ಟು ಅಗಲ ಅಂದ್ರ ಎದುರ ಮನ್ಯಾಕಿನ ಕರೀಬೇಕಂದ್ರ ಒದರಬೇಕು. ಅತ್ತಿ ಮೊದಲನೇ ವರ್ಷಾ ಪೂರಾ ಹಳೇ ಊರಿನ ಬಾವಿಗೇ ಹೋಗ್ತಿದ್ಲು, ನಳಾ ಇದ್ರೂ.

ಸಿದ್ದಾಪುರದ_ಮಾಣಿ (ಬೆಂಗಳೂರು):
ಥ್ಯಾಂಕ್ಸ್ ಎಲ್ಲರಿಗೂ. ರಾತ್ರಿ ಅಪ್ಪಯ್ಯಂಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ನೂರು ವರ್ಷದಿಂದ ನಿಂತ್ಕಂಡಿದ್ದು, ನಿಂಗೆ ಎಂತ ಆತು ಈಗ" ಹೇಳಿ ಬೈದ. ನೂರು ವರ್ಷದಿಂದ ನಿಂತಿದ್ದು ಹಂಚು ಹೊತ್ತ ಮನೆ, ಸ್ಲ್ಯಾಬ್ ಹೊತ್ತ ಮನೆ ಅಲ್ಲ ಹೇಳಿದೆ. ಸುಮ್ಮನಾದ. ನಂತರ ಆಯಿ ಫೋನ್ ತಗಂಡು ಶೀಟ್ ಹಾಕಿದ್ರೆ ಮಳೆ ಸದ್ದಿಗೆ ಟಿವಿ ಕೇಳ್ತಿಲ್ಲೆ ಹೇಳಿದ್ದು. ಅಂತೂ ಬೇರೆ ಪಾಯ ಹಾಕೋ ಮಾತು ನಡೀತಾ ಇದ್ದು.

ರೈಟರ್ ಮಾವಾ, ಆ ಟೇಲರ್ ಆಮೇಲೆ ಸಿಕ್ಕಿದ್ನಾ?

ಸಾಮಿಲ್_ರೈಟರ್ (ಶಿರಸಿ):
ಇಲ್ಲಪ್ಪ. 2008ರಲ್ಲಿ ಶೇಟ್ರ ಅಣ್ಣನ ಮೊಮ್ಮಗನ ಮದುವೆಗೆ ಭುಜ್‌ಗೆ ಹೋಗಿದ್ದೆ. ಹಳೇ ಓಣಿ ಹುಡುಕಿದೆ, ಸಿಗಲಿಲ್ಲ, ಅದೀಗ ಕಾರು ಎರಡು ಒಟ್ಟಿಗೆ ಹೋಗೋ ರಸ್ತೆ. ಹೊಸ ಮನೆ ಹಳೇ ಜಾಗದಿಂದ ನೂರು ಹೆಜ್ಜೆ ಈಚೆ. ಒಳ್ಳೇ ಮನೆ, ಗಾಳಿ ಬೆಳಕು ಚೆನ್ನಾಗಿದೆ, ಮುಂದೆ ಓಟಲೋ ಮಾತ್ರ ಇಲ್ಲ, ಗೇಟಿದೆ.

ಅಣ್ಣ ನನ್ನನ್ನ ಮೆಟ್ಟಿಲ ಕೆಳಗೆ ಕರ್ಕೊಂಡು ಹೋಗಿ ಒಂದು ಗೋಣಿಚೀಲ ಸರಿಸಿ ತೋರಿಸಿದ್ರು. ಹೊಲಿಗೆ ಮಷಿನ್. ಮಣ್ಣು ತೆಗೆಯೋವಾಗ ಸಿಕ್ಕಿದ್ದು, ಚಕ್ರ ಸೊಟ್ಟ ಆಗಿತ್ತು, ರಿಪೇರಿ ಮಾಡಿಸಿ ಎಣ್ಣೆ ಬಿಟ್ಟು ಇಟ್ಟಿದ್ದಾರೆ. ಅವ ಗಾಂಧಿಧಾಮದ ಕಡೆ ಹೋದ ಅಂತ ಯಾರೋ ಹೇಳಿದ್ರಂತೆ, ಎರಡು ಸಲ ಹೋಗಿ ಹುಡುಕಿದ್ರಂತೆ. ಕಳೆದ ದೀಪಾವಳಿಗೆ ಶೇಟ್ರ ಮಗನ ಹತ್ರ ಕೇಳ್ದೆ, ಇನ್ನೂ ಅಲ್ಲೇ ಇದೆ ಅಂದ.

ಹೊಸಕಾಲನಿ_ಅಕ್ಕ (ಕಾರವಾರ ತಾಲೂಕು):
ಆ ಅಣ್ಣನಿಗೆ ನನ್ನದೊಂದು ನಮಸ್ಕಾರ ತಿಳಿಸಿ.

ಚಿರೆಕಲ್ಲು_ಮೇಸ್ತ್ರಿ (ಹೊನ್ನಾವರ):
ಮಾಣಿ, ಪಾಯ ತೆಗೆಯೋ ದಿನ ಹೇಳಿ, ಸಿದ್ದಾಪುರಕ್ಕೆ ನಾನೇ ಬರ್ತೇನೆ. ಆಯಿಗೆ ಹೇಳಿ, ಟಿವಿ ಹೊಸ ಮನೇಲಿ ಇಟ್ರಾಯ್ತು.